ನುಂಗಿದ ಸಾಕ್ಷ್ಯ

ಜೂನ್ ೩, ಸೋಮವಾರ

ಇವತ್ತಿನಿಂದ ಮಾತ್ರೆ ಬಂದ್. ಮಗಳಿಗೆ ವರ್ಷ ತುಂಬಿದಾಗಿನಿಂದ ರಾತ್ರಿ ಹಲ್ಲುಜ್ಜಿದ ಮೇಲೆ ಒಂದೊಂದೇ ನುಂಗಿಕೊಂಡು ಬಂದದ್ದು. ಅವಳಿಗೀಗ ಹನ್ನೊಂದು. ತಲೆನೋವು ಬರುವ ಮೊದಲು ಕಣ್ಣಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಬೆಳಕು ಕುಣಿಯುತ್ತದೆ ಎಂದು ನಾನು ಹೇಳಿದ ಕೂಡಲೇ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಈ ಥರ ತಲೆನೋವು ಇರೋರು ಈ ಮಾತ್ರೆ ತಗೋಬಾರದು. ಅದೂ ಈ ವಯಸ್ಸಲ್ಲಿ, ಈ ಬಿ.ಪಿ. ಇಟ್ಕೊಂಡು. ಇವತ್ತೇ ನಿಲ್ಲಿಸಿ. ಕಾಪರ್-ಟಿ ಹಾಕೋಣ. ಇಲ್ಲಾ ನಿಮ್ಮ ಯಜಮಾನರಿಗೂ ಸ್ವಲ್ಪ ಜವಾಬ್ದಾರಿ ಕೊಡಿ. ಇನ್ನೊಂದು ಬಸಿರು ಮಾತ್ರ ಬೇಡ. ಮೊದಲನೇದರಲ್ಲಿ ಪಟ್ಟ ಪಾಡು ಮರೆತಿಲ್ಲ ತಾನೆ?"

ಮರೆತಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಬಂದೆ.

ಅಳತೆ ಮತ್ತು ತೂಕ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬಳ ಸ್ಥಿತಿ ಇದು. ಪೇಟೆಯ ಯಾವ ತಕ್ಕಡಿ ಯಾವ ಕಡೆಗೆ ಎಷ್ಟು ವಾಲುತ್ತದೆ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ನನ್ನ ತಲೆಯೊಳಗೆ ಗರಗಸ ಕುಣಿಯುವುದನ್ನು ಮಾತ್ರ ಹತ್ತು ವರ್ಷ ಯಾರಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಅನ್ನಿಸಿರಲಿಲ್ಲ. ತಪ್ಪು ನನ್ನದೇ.

ಜೂನ್ ೭, ಶುಕ್ರವಾರ

ಬೆಳಿಗ್ಗೆ ನಮ್ಮ ಬೀದಿಯ ತಿರುವಿನ ಮೆಡಿಕಲ್ ಶಾಪಿನಲ್ಲಿ ತಪಾಸಣೆ. ಬಾಗಿಲ ಬಳಿ ಜನ ಹತ್ತಿ ನಿಂತು ತೂಕ ನೋಡಿಕೊಳ್ಳುವ ಯಂತ್ರವೊಂದಿದೆ. ಅದು ಪ್ರತಿಯೊಬ್ಬರಿಗೂ ಮೂರು ಕೇಜಿ ಕಡಿಮೆ ತೋರಿಸುತ್ತಿತ್ತು. ಬೀದಿಯ ಹೆಂಗಸರು ದಿನಾ ಹತ್ತಿ, ನಗುತ್ತ ಇಳಿದು, ಆ ನಗುವಿನಲ್ಲೇ ಒಂದು ಕ್ರೀಮೋ ಟಾನಿಕ್ಕೋ ಕೊಂಡು ಹೋಗುತ್ತಿದ್ದರು. ನಮ್ಮ ಅತ್ತೆಯೂ ಅವರಲ್ಲೊಬ್ಬರು.

"ಮೇಡಂ, ಇದರಿಂದ ಯಾರಿಗಾದ್ರೂ ನೋವಾಗಿದೆಯಾ? ಎಲ್ಲರೂ ಖುಷಿಯಾಗೇ ಹೋಗ್ತಾರೆ" ಎಂದ ಅಂಗಡಿಯವನು.

ಖುಷಿಗೆ ನಮ್ಮಲ್ಲಿ ಮಾಪನವಿಲ್ಲ. ಯಂತ್ರಕ್ಕೆ ಬೀಗಮುದ್ರೆ ಹಾಕಿಸಿದೆ. ಮುದ್ರೆಯ ಅಚ್ಚನ್ನೂ ತೂಕದ ಪೆಟ್ಟಿಗೆಯನ್ನೂ ಹೊರುವ ನಮ್ಮ ಆಫೀಸಿನ ಸಹಾಯಕರಿಗೆ ಪೇಟೆಯೆಲ್ಲ ಮುದ್ರೆಯಣ್ಣ ಎನ್ನುತ್ತದೆ. ಅವರು ಅಂಗಡಿಯವನಿಗೆ ಅಲ್ಲೇ 'ಮೂರು ಕೇಜಿ' ಎಂದು ಹೆಸರಿಟ್ಟರು. ನನಗೆ ಪೇಟೆ ಇಟ್ಟ ಹೆಸರು ತೂಕದಮ್ಮ. ನಾನು ಅದನ್ನು ಕೇಳಿಸಿಕೊಂಡಿಲ್ಲವೆಂದು ಪೇಟೆ ತಿಳಿದಿದೆ.

ಮಧ್ಯಾಹ್ನ ಕೇಂದ್ರ ಪ್ರಯೋಗಾಲಯದ ಸುತ್ತೋಲೆ ಬಂತು. ಅಕ್ಟೋಬರಿನಿಂದ ಆರು ತಿಂಗಳು ತರಬೇತಿ, ನಮ್ಮ ವಲಯದಿಂದ ಒಬ್ಬರು. ಪಟ್ಟಿಯಲ್ಲಿ ನನ್ನ ಹೆಸರೇ ಮೇಲಿದೆಯಂತೆ. ದೇಶದ ಎಲ್ಲ ತೂಕಗಳಿಗೂ ತಾಯಿಯಾದ ಕಿಲೋಗ್ರಾಂ ಅಲ್ಲಿ ಗಂಟೆಯಂಥ ಗಾಜಿನ ಮುಚ್ಚಳದ ಕೆಳಗಿದೆ. ಅದನ್ನು ಕೈಯಿಂದ ಮುಟ್ಟುವಂತಿಲ್ಲ, ಚಿಮಟದಿಂದ ಎತ್ತಬೇಕು. ಕೆಲಸಕ್ಕೆ ಸೇರಿದ ವಾರದಲ್ಲಿ ಅದರ ಚಿತ್ರ ನೋಡಿದ್ದೆ. ಆವತ್ತಿನಿಂದ ನನಗೆ ಬೇಕಾದದ್ದು ಅದೊಂದೇ. ಈ ಮಾತನ್ನು ಬರೆದೂ ನೋಡಿರಲಿಲ್ಲ.

ಹಿಂದೊಮ್ಮೆ ಪಕ್ಕದ ವಲಯದ ಸಹೋದ್ಯೋಗಿ ಆಯ್ಕೆಯಾಗಿ, ಅಷ್ಟರಲ್ಲಿ ಬಸಿರಾದರು. ಭಾರ ಎತ್ತುವ ಕೆಲಸ, ಆಗುವುದಿಲ್ಲ ಎಂದು ಹೆಸರು ಹೊಡೆದುಹಾಕಿದರು. ಹೆಸರು ಹೊಡೆದ ಪತ್ರ ಮತ್ತು ಅಭಿನಂದನೆಯ ಪತ್ರ ಒಂದೇ ಲಕೋಟೆಯಲ್ಲಿ ಬಂದವು. ಅವರ ಸರದಿ ಮತ್ತೆ ಬರಲೇ ಇಲ್ಲ.

ಜೂನ್ ೯, ಭಾನುವಾರ

ಇವರು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ದಿನವಿಡೀ ಕಲಿಯುವವರ ಪಕ್ಕ ಕೂತು, ಕಾಲ ಬುಡದಲ್ಲೊಂದು ಹೆಚ್ಚುವರಿ ಬ್ರೇಕ್ ಇಟ್ಟುಕೊಂಡು, ಲೋಕವನ್ನು ಕಾಪಾಡುವವರು. ಬಟ್ಟೆ ಮಡಚುವಾಗ ವಿಷಯ ಎತ್ತಿದೆ.

"ಡಾಕ್ಟರು ಮಾತ್ರೆ ನಿಲ್ಲಿಸಿದಾರೆ. ಇನ್ಮೇಲೆ ನೀವು ನೋಡ್ಕೋಬೇಕು."

"ನೋಡ್ಕೊಂಡ್ರಾಯ್ತು. ಅವಸರ ಏನು? ಹತ್ತು ವರ್ಷ ನುಂಗಿದೀಯ. ಅಷ್ಟು ಬೇಗ ಖಾಲಿ ಆಗುತ್ತಾ?"

"ಆಗಲ್ವಾ?"

"ಮುಳ್ಳು ಸೊನ್ನೆಗೆ ಬಂದ ಮೇಲೂ ಗಾಡಿ ರಿಸರ್ವ್‌ನಲ್ಲಿ ಓಡುತ್ತೆ ಕಣೇ."

"ಎಷ್ಟು ದೂರ?"

"ಅದು ಗಾಡಿ ಮೇಲೆ ಹೋಗುತ್ತೆ. ನಿಂದು ಒಳ್ಳೇ ಕಂಡೀಶನ್."

ಕೇಳಿದರೆ ಸರಿಯೆನಿಸುತ್ತದೆ. ಹತ್ತು ವರ್ಷದ ಔಷಧ ಒಂದು ವಾರದಲ್ಲಿ ಎಲ್ಲಿಗೆ ಹೋಗುತ್ತದೆ? ಆದರೂ ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳೋಣ ಅಂದುಕೊಂಡೆ. ಇಂಥದ್ದನ್ನು ಫೋನಿನಲ್ಲಿ ಯಾವ ಮಾತಿನಿಂದ ಶುರು ಮಾಡುವುದು? ಬಿಟ್ಟೆ. ಹೇಗೂ ಇವರು ಒಂದು ನಿರೋಧ್ ಪ್ಯಾಕೆಟ್ಟು ತಂದು ಕಪಾಟಿನಲ್ಲಿ ಇಟ್ಟಿದ್ದಾರೆ. ಡ್ರೈವಿಂಗ್ ಸ್ಕೂಲಿನ ಪಕ್ಕದವರು ಕೊಟ್ಟದ್ದಂತೆ. ಪಕ್ಕದವರಿಗೆ ಯಾಕೆ ಬೇಡವಾಯಿತೋ ಕೇಳಲಿಲ್ಲ.

ಜೂನ್ ೨೨, ಶನಿವಾರ

ಇವರ ಶಿಷ್ಯೆ, ನಿವೃತ್ತ ಗ್ರಂಥಪಾಲಕಿ, ಏಳನೆಯ ಸಲಕ್ಕೆ ಡ್ರೈವಿಂಗ್ ಪರೀಕ್ಷೆ ಪಾಸಾದರು. ಇವರಿಗೆ ತಾವೇ ಪಾಸಾದಷ್ಟು ಸಂಭ್ರಮ. ಮಗಳು ಗೆಳತಿಯ ಮನೆಯಲ್ಲಿ, ಅತ್ತೆ ನಾದಿನಿಯ ಮನೆಯಲ್ಲಿ.

ಉಳಿದದ್ದನ್ನು ಬರೆಯುವುದಿಲ್ಲ. ಪ್ಯಾಕೆಟ್ಟು ತರಲು ಎದ್ದೆ. "ರಿಸರ್ವ್" ಎಂದರು. ಮತ್ತೆ ಕೂತೆ.

ಜೂನ್ ೨೩, ಭಾನುವಾರ

ತೂಗದೆ ಒಂದು ತೂಕದ ಬಟ್ಟನ್ನೂ ನಂಬದವಳು ನಾನು. ಬೆಳಿಗ್ಗೆ ಎದ್ದಾಗ ಈ ವಾಕ್ಯ ತಲೆಯಲ್ಲಿ ಸಿದ್ಧವಾಗಿತ್ತು.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಅವರು ಊರಿನಲ್ಲಿಲ್ಲ, ಎಲ್ಲೋ ವೈದ್ಯರ ಸಮ್ಮೇಳನ. ಹಿಂದೆ ಚಮಚ ತಟ್ಟೆಗಳ ಸದ್ದು. ಹೇಗೆ ಶುರು ಮಾಡಿದೆನೋ ನೆನಪಿಲ್ಲ. ಹವಾಮಾನದಿಂದ ಇರಬೇಕು.

"ರಿಸರ್ವಾ?" ಅವರು ಚಮಚ ಇಟ್ಟದ್ದು ಕೇಳಿಸಿತು. "ಯಾರು ಹೇಳಿದ್ದು?"

"ಮನೆಯಲ್ಲಿ."

"ಮನೆಯಲ್ಲಿ ಡಾಕ್ಟರು ಇದಾರಾ? ಮಾತ್ರೆ ಬಿಟ್ಟ ಮೇಲೆ ಒಳಗೆ ಏನೂ ಉಳಿಯಲ್ಲಮ್ಮ. ಮುಂದಿನ ತಿಂಗಳೇ ಬಸಿರಾಗಬಹುದು. ಲೆಕ್ಕ ನೋಡಿದ್ರೆ ನೀವು ಸರಿಯಾಗಿ ಅದೇ ದಿನಗಳಲ್ಲಿದೀರ. ಈಗಲೇ ಹೋಗಿ ತುರ್ತು ಮಾತ್ರೆ ತಗೊಳ್ಳಿ. ಚೀಟಿ ಬೇಡ, ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗುತ್ತೆ. ಮೂರು ದಿನದೊಳಗೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು. ಅದು ಒಂದೇ ಸಲದ್ದು, ನಿಮ್ಮ ತಲೆನೋವಿಗೆ ತೊಂದರೆ ಇಲ್ಲ. ಐದು ದಿನದೊಳಗೆ ಕಾಪರ್-ಟಿ ಹಾಕಿದ್ರೆ ಇನ್ನೂ ಭದ್ರ. ಆದ್ರೆ ನಾನು ಬರೋದು ಶುಕ್ರವಾರ."

ಸಂಜೆ ಮೂರು ಕೇಜಿಯ ಅಂಗಡಿಗೆ ಹೋದೆ. ನನ್ನನ್ನು ಕಂಡದ್ದೇ ಕುರ್ಚಿ ತಂದ. ಕೂರಲಿಲ್ಲ.

"ಭಾನುವಾರನೂ ಡ್ಯೂಟಿನಾ ಮೇಡಂ?"

"ಡ್ಯೂಟಿ ಅಲ್ಲ. ಒಂದು ಮಾತ್ರೆ ಬೇಕಿತ್ತು."

ಯಾವುದೆಂದು ಹೇಳಿದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. ಎರಡನೆಯ ಸಲ ಹೇಳಿದಾಗ ಅವನ ಮುಖ ತಪಾಸಣೆಯ ದಿನದ ಮುಖವಾಯಿತು. ಬಗ್ಗಿ ರಸ್ತೆಯ ಎರಡೂ ಕಡೆ ನೋಡಿದ. ಮುದ್ರೆಯಣ್ಣ ಎಲ್ಲಿ ಅಡಗಿದ್ದಾರೆಂದು.

"ಅಂಥದ್ದೆಲ್ಲ ನಾವು ಇಡಲ್ಲ ಮೇಡಂ."

"ನಿಮ್ಮ ಹಿಂದೆ ಜೋಡಿಸಿದೀರಲ್ಲ."

ತಿರುಗಿ ನೋಡಿದ. ಮೊದಲ ಬಾರಿ ಕಾಣುತ್ತಿರುವವನಂತೆ ಕಂಡ. "ಅದು ಖಾಲಿ ಡಬ್ಬ. ಶೋಗೆ."

ಅವನನ್ನು ದೂರುವಂತಿಲ್ಲ. ಪರೀಕ್ಷಾ ಖರೀದಿ ಎಂದು ನಮ್ಮಲ್ಲೊಂದು ಕ್ರಮವಿದೆ: ಸಾಮಾನ್ಯ ಗಿರಾಕಿಯಂತೆ ಹೋಗಿ ಒಂದು ವಸ್ತು ಕೊಳ್ಳುವುದು, ಹೊರಬಂದು ತೂಗುವುದು, ಕಡಿಮೆ ಬಂದರೆ ಅದೇ ವಸ್ತುವನ್ನು ಸಾಕ್ಷ್ಯವೆಂದು ಲಕೋಟೆಗೆ ಹಾಕಿ ಕೇಸು ಬರೆಯುವುದು. ಕಳೆದ ವರ್ಷ ಇವನನ್ನು ಹತ್ತಿಯ ಸುರುಳಿಯಲ್ಲಿ ಹಿಡಿದದ್ದು ಹಾಗೆಯೇ. ಇಷ್ಟು ವರ್ಷ ನಾನು ಈ ಪೇಟೆಯಲ್ಲಿ ಯಾವುದನ್ನೂ ನನಗೆಂದು ಕೊಂಡವಳಲ್ಲ. ಈಗ ಕೊಂಡರೆ ಯಾರು ನಂಬುತ್ತಾರೆ?

ಜೂನ್ ೨೪, ಸೋಮವಾರ

ಬೆಳಿಗ್ಗೆ ಇವರನ್ನು ಕಳಿಸಿದೆ. ಹೋಗುವಾಗ ಹೇಳಿಕೊಟ್ಟೆ, ಹೆಸರನ್ನು ಎರಡು ಸಲ ಹೇಳಿಸಿದೆ. ಬಂದು ಮೇಜಿನ ಮೇಲೆ ಗಂಟಲಿನ ಮಾತ್ರೆ ಇಟ್ಟರು. ಪುದೀನದ್ದು.

"ಇದೇನು?"

"ಅಂಗಡಿ ತುಂಬ ಹೆಂಗಸರಿದ್ರು. ಅವರೆದುರಿಗೆ ಹೇಗೆ ಕೇಳಲಿ?"

"ಅದು ಹೆಂಗಸರ ಮಾತ್ರೆನೇ."

"ಅದಕ್ಕೇ ನಾಚಿಕೆ ಆಗಿದ್ದು."

ಮತ್ತೆ ಕಳಿಸಿದೆ. ಈ ಸಲ ತಲೆನೋವಿನ ಮುಲಾಮು ಬಂತು. "ಹೆಂಗಸರು ಹೋಗಿದ್ರು. ಆದ್ರೆ ಗಂಡಸರು ಬಂದ್ರು" ಎಂದರು. ಎದುರಿನಿಂದ ಲಾರಿ ನುಗ್ಗಿ ಬಂದರೂ ಶಿಷ್ಯರ ಕೈಯಿಂದ ಸ್ಟೀರಿಂಗ್ ಕಿತ್ತು ತಿರುಗಿಸುವ ಮನುಷ್ಯ. ಅಂಗಡಿಯ ಕಟ್ಟೆಯ ಮುಂದೆ ನಾಲ್ಕಕ್ಷರ ಹೊರಡಲಿಲ್ಲ.

ಆಫೀಸು ಮುಗಿಸಿ ಊರಿನ ಆ ತುದಿಗೆ ಹೋದೆ. ಬೇರೆ ವಲಯ. ಅಲ್ಲಿ ನನ್ನನ್ನು ಯಾರೂ ಕಂಡಿಲ್ಲ. ಅಂಗಡಿಯಾತ ಕನ್ನಡಕ ಸರಿಮಾಡಿಕೊಂಡು ಕೇಳಿದ:

"ನೀವು ತೂಕದಮ್ಮ ಅಲ್ವಾ?"

ತನ್ನ ಫೋನು ತಿರುಗಿಸಿ ತೋರಿಸಿದ. ಔಷಧ ವ್ಯಾಪಾರಿಗಳ ಗ್ರೂಪು. ಅದರಲ್ಲಿ ನಾನು, ಕೈಯಲ್ಲಿ ತಕ್ಕಡಿಯ ತಟ್ಟೆ, ಬಾಯಿ ತೆರೆದಿದೆ. ಕೆಳಗೆ: 'ಹುಷಾರ್. ಈಯಮ್ಮ ಏನು ಕೇಳಿದರೂ ಇಲ್ಲ ಅನ್ನಿ.' ಫೋಟೋದಲ್ಲಿ ಇರುವುದಕ್ಕಿಂತ ದಪ್ಪ ಕಾಣುತ್ತೇನೆ. ಮೂರು ಕೇಜಿಯಾದರೂ ಹೆಚ್ಚು.

ಫೋನಿನಲ್ಲಿ ತರಿಸಿದರೆ ಗುರುವಾರ ಮುಟ್ಟುತ್ತದಂತೆ. ಗುರುವಾರ ಬಂದದ್ದನ್ನು ಗಂಟಲಿನ ಮಾತ್ರೆಯ ಪಕ್ಕ ಇಡಬಹುದು.

ರಾತ್ರಿ ಊಟಕ್ಕೆ ಕೂತಾಗ ಇವರು, "ಆದ್ರೆ ಆಗಲಿ ಬಿಡು, ಒಂದು ಮಗು ತಾನೆ" ಎಂದರು. ನಾನು ಚಿಮಟವನ್ನು ನೆನೆದೆ. ಗಾಜಿನ ಗಂಟೆಯನ್ನು ನೆನೆದೆ. ಮಗಳು ಹುಟ್ಟುವ ಮುಂಚಿನ ರಾತ್ರಿ ಕಣ್ಣು ಮಂಜಾಗಿ ನರ್ಸಿನ ಮುಖ ಎರಡೆರಡು ಕಂಡದ್ದನ್ನು ನೆನೆದೆ. ಆವತ್ತು ಇವರು ಹೊರಗಿನ ಬೆಂಚಿನ ಮೇಲೆ ನಿದ್ದೆ ಹೋಗಿದ್ದರು. ಬೆಂಚು ಗಟ್ಟಿಯಿತ್ತು ಎಂದು ಇವತ್ತಿಗೂ ಹೇಳುತ್ತಾರೆ.

ಬೇಡ. ನನಗೆ ಬೇಡ.

ಜೂನ್ ೨೫, ಮಂಗಳವಾರ

ಇವತ್ತು ಕೊನೆಯ ದಿನ. ಆಫೀಸಿಗೆ ಹೋಗುವ ದಾರಿಯಲ್ಲಿ ನೇರ ಮೂರು ಕೇಜಿಯ ಅಂಗಡಿಗೆ ನಡೆದೆ. ಜನರಿದ್ದರು. ಕೆಮ್ಮುತ್ತಿದ್ದ ಒಬ್ಬ ಮುದುಕರು, ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಇಬ್ಬರು ಹೆಂಗಸರು, ಬಾಚಣಿಗೆಗಳ ಮುಂದೆ ನಿಂತು ತೆಗೆದು ಇಟ್ಟು ಮಾಡುತ್ತಿದ್ದ ಕಾಲೇಜಿನ ವಯಸ್ಸಿನ ಹುಡುಗಿ. ಬೀಗಮುದ್ರೆಯ ಯಂತ್ರದ ಮೇಲೆ ಯಾರೋ ನೀರಿನ ಕ್ಯಾನು ಇಟ್ಟಿದ್ದರು.

"ತುರ್ತು ಗರ್ಭನಿರೋಧಕ ಮಾತ್ರೆ. ಒಂದು" ಎಂದೆ.

ಕೆಮ್ಮು ನಿಂತಿತು.

"ಮೇಡಂ, ಭಾನುವಾರನೇ ಹೇಳಿದ್ನಲ್ಲ..."

"ಖಾಲಿ ಡಬ್ಬ ಅಂದ್ರಿ. ಇಳಿಸಿ, ನೋಡೋಣ."

"ಇಳಿಸಿದ್ರೆ ಕೇಸು ಹಾಕ್ತೀರ."

"ತಪಾಸಣೆ ಅಲ್ಲ ಇದು. ನನಗೇ ಬೇಕು."

ಅವನು ನೊಂದವನಂತೆ ನಕ್ಕ. "ಹೋದ ವರ್ಷ ಹತ್ತಿ ಕೊಳ್ಳೋವಾಗಲೂ ಹೀಗೇ ಅಂದ್ರಿ. ನನಗೇ ಬೇಕು, ಕಿವಿಗೆ ಅಂತ. ಆ ಹತ್ತಿನ ಕಿವಿಗೆ ಇಟ್ಕೊಂಡ್ರಾ? ಲಕೋಟೆಗೆ ಇಟ್ರಿ."

ವಾದದಲ್ಲಿ ಹುರುಳಿತ್ತು. ಇಬ್ಬರು ಹೆಂಗಸರೂ ತಲೆದೂಗಿದರು. ಹಾಗಾದರೆ ಲಕೋಟೆಗೆ ಹೋಗದ ಸಾಕ್ಷ್ಯ ಎಲ್ಲಿಗೆ ಹೋಗಬೇಕು?

"ಕುಡಿಯೋ ನೀರಿದೆಯಾ?"

"ಇದೆ."

"ಒಂದು ಲೋಟ ಕೊಡಿ. ಇಲ್ಲೇ, ನಿಮ್ಮೆದುರಿಗೇ ನುಂಗ್ತೀನಿ. ಹೊಟ್ಟೆಯೊಳಗಿರೋ ಸಾಕ್ಷ್ಯನ ಯಾವ ಕೋರ್ಟೂ ತಗೊಳಲ್ಲ."

"ಡಬ್ಬ?"

"ಡಬ್ಬನೂ ನೀವೇ ಇಟ್ಕೊಳ್ಳಿ. ಬಿಲ್ಲೂ ಬೇಡ."

ಬಿಲ್ಲು ಬೇಡ ಎಂದದ್ದು ನನ್ನ ವೃತ್ತಿಜೀವನದಲ್ಲೇ ಮೊದಲು. ಅವನಿಗೆ ನಂಬಿಕೆ ಬಂದದ್ದು ಆಗಲೇ ಎಂದು ತೋರುತ್ತದೆ. ಡಬ್ಬ ಇಳಿಸಿದ. ಖಾಲಿಯಿರಲಿಲ್ಲ. ಅವಧಿಯ ತಾರೀಖು ನೋಡಿದೆ, ಅಭ್ಯಾಸ. ಅವನು ಒಮ್ಮೆ ಕಣ್ಣು ಮುಚ್ಚಿ ತೆರೆದ. ತಾರೀಖು ಸರಿಯಿತ್ತು. ನುಂಗಿದೆ.

"ಬಾಯಿ ತೆರೆದು ತೋರಿಸಬೇಕಾ?"

"ಬೇಡ ಮೇಡಂ, ಬೇಡ."

ಲೋಟ ಕೆಳಗಿಡುವಾಗ ಬಾಚಣಿಗೆಯ ಹುಡುಗಿ ಪಕ್ಕಕ್ಕೆ ಬಂದು ನಿಂತಳು. "ನನಗೂ ಅದೇ ಕೊಡಿ" ಎಂದಳು. ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕೊಟ್ಟ. ಅವಳಿಗೆ ಬಿಲ್ಲನ್ನೂ ಕೊಟ್ಟ.

"ನನ್ನ ಸಿರಪ್ಪು ಯಾವಾಗಪ್ಪಾ?" ಎಂದರು ಮುದುಕರು.

ನಾನು ತುಂಬ ಜೋರಾಗಿ ಮಾತನಾಡಿದೆನೆಂದು ಆಮೇಲೆ ಸುದ್ದಿಯಾಗಿದೆ. ಹಾಗೇನಿಲ್ಲ. ಅಂಗಡಿಯ ಫ್ಯಾನು ಸದ್ದು ಮಾಡುತ್ತಿತ್ತು.

ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೆ ನುಂಗಬೇಕು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಇವತ್ತಿನ ತಪಾಸಣೆ ಎಲ್ಲಿ? ಮೀನು ಮಾರುಕಟ್ಟೆಯಲ್ಲಿ. ತುಟಿ ಬಿಗಿದುಕೊಂಡು ಹದಿನಾಲ್ಕು ತಕ್ಕಡಿ ನೋಡಿದೆ. ಒಬ್ಬರೂ ಎದುರು ವಾದಿಸಲಿಲ್ಲ. ಮುಖ ಅಷ್ಟು ಭಯಂಕರವಾಗಿತ್ತಂತೆ. ಮುದ್ರೆಯಣ್ಣ ಎಲ್ಲಿಂದಲೋ ನಿಂಬೆಹಣ್ಣು ತಂದು, "ಮೂಸ್ತಾ ಇರಿ ಮೇಡಂ, ಅದು ಒಳಗೇ ಇರಬೇಕು ತಾನೆ?" ಎಂದರು. ಆಗ ಇನ್ನೂ ಹತ್ತು ಗಂಟೆ. ಸುದ್ದಿಗೆ ನಮ್ಮ ಜೀಪಿಗಿಂತ ವೇಗ.

ಒಳಗೇ ಇದೆ.

ಜೂನ್ ೨೭, ಗುರುವಾರ

ಅತ್ತೆ ನಾದಿನಿಯ ಮನೆಯಿಂದ ಬಂದರು. ಬಟಾಣಿ ಸುಲಿಯುತ್ತ ಕೂತವರು ತಲೆ ಎತ್ತದೆ ಕೇಳಿದರು.

"ಅಂಗಡಿಯಲ್ಲಿ ನಿಂತು ನುಂಗಿದೆಯಂತೆ."

"ಹೌದು."

"ಎಲ್ಲರ ಎದುರಿಗೂ."

"ಹೌದು ಅತ್ತೆ."

"ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲಮ್ಮ."

ಬೈಗುಳಕ್ಕೆ ಸಿದ್ಧಳಾಗಿ ಕೇಳಿದೆ: "ಇದ್ದಿದ್ರೆ?"

ಅತ್ತೆ ಸುಲಿಯುವುದನ್ನು ನಿಲ್ಲಿಸಿ, ತಮ್ಮ ಐದನೆಯ ಮತ್ತು ಕೊನೆಯ ಸಂತಾನವನ್ನು ನೋಡಿದರು. ಆ ಸಂತಾನ ಹಸಿ ಬಟಾಣಿಗಳನ್ನು ಮೇಲಕ್ಕೆಸೆದು ಬಾಯಿಯಲ್ಲಿ ಹಿಡಿಯುತ್ತಿತ್ತು.

"ಇವನಿರ್ತಿರಲಿಲ್ಲ" ಎಂದು ಹೇಳಿ ಮತ್ತೆ ಸುಲಿಯತೊಡಗಿದರು.

"ಅಮ್ಮಾ!"

"ಈಗ ಇದ್ದೀಯಲ್ಲ. ತಿನ್ನು." ಆಮೇಲೆ ನನ್ನ ಕಡೆ ತಿರುಗಿ, ಈ ಸಲ ನಿಜವಾದ ಸಿಟ್ಟಿನಿಂದ: "ಅದಿರಲಿ, ಆ ತೂಕದ ಮೆಷಿನ್ನು ಯಾಕೆ ಮುಚ್ಚಿಸಿದೆ? ನಿನಗೇನು ಮಾಡಿತ್ತು ಅದು?"

ಜುಲೈ ೮, ಸೋಮವಾರ

ಮುಟ್ಟು ಬರಬೇಕಿತ್ತು. ಬಂದಿಲ್ಲ. ತುರ್ತು ಮಾತ್ರೆಯಿಂದ ಹಿಂದು ಮುಂದಾಗುತ್ತದಂತೆ. ಎಷ್ಟು ಹಿಂದೆ, ಎಷ್ಟು ಮುಂದೆ? ಇಷ್ಟು ಸಡಿಲವಾದ ಅಳತೆಗೆ ನಾನು ಮುದ್ರೆ ಹಾಕುತ್ತಿರಲಿಲ್ಲ.

ಜುಲೈ ೯

ಇಲ್ಲ.

ಜುಲೈ ೧೧

ಇಲ್ಲ. ತರಬೇತಿಯ ಆದೇಶ ಬಂತು. ನನ್ನ ಹೆಸರು ಸರಿಯಾಗಿ ಬರೆದಿದ್ದಾರೆ. ವೈದ್ಯಕೀಯ ಅರ್ಹತೆಯ ಪ್ರಮಾಣಪತ್ರ ಲಗತ್ತಿಸಬೇಕಂತೆ. ಮುದ್ರೆಯಣ್ಣ ಎಲ್ಲರಿಗೂ ಕಾಫಿ ಕೊಡಿಸಿದರು. ನನ್ನ ಲೋಟ ಹಾಗೇ ತಣ್ಣಗಾಯಿತು.

ಜುಲೈ ೧೨, ಶುಕ್ರವಾರ

ಇವರು ನನ್ನನ್ನು ನೋಡುವ ರೀತಿ ಬದಲಾಗಿದೆ. ಕಲಿಯುವವರು ಗಿಯರ್ ಬದಲಿಸುವಾಗ ಪಕ್ಕದಿಂದ ನೋಡುತ್ತಾರಲ್ಲ, ಹಾಗೆ. ಕಾಲು ಬ್ರೇಕಿನ ಮೇಲೆ. "ಏನಾದ್ರೂ...?" ಎಂದು ಕೇಳುತ್ತಾರೆ. "ಏನಾದ್ರೂ ಅಂದ್ರೆ ಏನು? ಬಾಯಿ ಬಿಟ್ಟು ಕೇಳಿ" ಎಂದೆ. ಕೇಳಲಿಲ್ಲ. ಹೋಗಿ ಕಾರು ತೊಳೆದರು. ಕಾರು ನಿನ್ನೆಯೂ ತೊಳೆದಾಗಿತ್ತು.

ಜುಲೈ ೧೪, ಭಾನುವಾರ

ಮೂರು ವಾರ ದಾಟಿದ ಮೇಲೆ ಪರೀಕ್ಷಿಸಿದರೆ ಉತ್ತರವನ್ನು ನಂಬಬಹುದು ಎಂದಿದ್ದರು ಡಾಕ್ಟರಮ್ಮ. ಮೂರು ಕೇಜಿಯ ಅಂಗಡಿಗೆ ಹೋಗಿ ಬಸಿರಿನ ಪರೀಕ್ಷೆಯ ಕಾರ್ಡು ಕೇಳಿದೆ. ತಡವರಿಸದೆ ಕೊಟ್ಟ.

"ಇನ್ನೊಂದು ಕೊಡಿ."

"ಒಂದೇ ಸಾಕು ಮೇಡಂ."

"ಒಂದು ಸಲದ ತೂಕನ ನಮ್ಮ ಇಲಾಖೆ ಒಪ್ಪಲ್ಲ."

ಅವನು ಕಟ್ಟೆಯ ಮೇಲೆ ಬಗ್ಗಿ, "ಮೇಡಂ, ಗ್ರೂಪಿನಲ್ಲಿ ನಿಮ್ಮ ಫೋಟೋ ಕೆಳಗಿನ ಬರಹ ಬದಲಾಯಿಸಿದೀವಿ" ಎಂದು ತೋರಿಸಿದ. 'ಈಯಮ್ಮ ಕೇಳಿದರೆ ಕೊಟ್ಟುಬಿಡಿ. ಅಲ್ಲೇ ನುಂಗುತ್ತಾರೆ.'

ಮನೆಯಲ್ಲಿ ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತೆ. ತೊಳೆಯುವ ಕಲ್ಲಿನ ಮೇಲೆ ಎರಡು ಕಾರ್ಡು, ಅಕ್ಕಪಕ್ಕ. ತಕ್ಕಡಿಯ ಮುಳ್ಳು ನಿಲ್ಲುವುದನ್ನು ಇಷ್ಟು ವರ್ಷ ಕಾದಿದ್ದೇನೆ. ಇಷ್ಟು ಹೊತ್ತು ಯಾವ ಮುಳ್ಳೂ ಆಡಿರಲಿಲ್ಲ. ಹೊರಗೆ ಇವರ ಚಪ್ಪಲಿ ಆಚೆಯಿಂದ ಈಚೆಗೆ ನಡೆಯುತ್ತಿತ್ತು.

ಎರಡರಲ್ಲೂ ಒಂದೇ ಗೆರೆ.

ಬಾಗಿಲು ತೆಗೆದು, "ಇಲ್ಲ. ಬಸಿರಾಗಿಲ್ಲ" ಎಂದೆ. ಇವರು ಗೋಡೆಗೆ ಒರಗಿದರು. "ದೇವರು ದೊಡ್ಡವನು" ಎಂದರು.

"ದೇವರನ್ನ ಅಂಗಡಿಗೆ ಕಳಿಸಿದ್ರೆ ಅವನೂ ಗಂಟಲಿನ ಮಾತ್ರೆ ತರ್ತಿದ್ದ" ಎಂದೆ.

ಆಮೇಲೆ ಕಾರ್ಡುಗಳ ಮುಂದೆ ಮತ್ತೊಮ್ಮೆ ಕೂತು ಅತ್ತುಬಿಟ್ಟೆ. ಯಾಕೆಂದು ಗೊತ್ತಿಲ್ಲ. ಸ್ವಲ್ಪ ಹೊತ್ತು.

ಜುಲೈ ೧೬, ಮಂಗಳವಾರ

ಬಂತು. ಸಕ್ಕರೆ ಕಾರ್ಖಾನೆಯ ವೇಬ್ರಿಡ್ಜಿನ ಮೇಲೆ, ಲಾರಿ ಏರಿಸುವಾಗ. ಲಾರಿಯ ತೂಕ ಸರಿಯಿತ್ತು. ಎಲ್ಲ ಸರಿಯಿತ್ತು.

ಜುಲೈ ೧೯, ಶುಕ್ರವಾರ

ಡಾಕ್ಟರಮ್ಮನ ಬಳಿ ಅರ್ಹತೆಯ ಪ್ರಮಾಣಪತ್ರಕ್ಕೆ ಹೋಗಿದ್ದೆ. ಕಾಪರ್-ಟಿಯ ಮಾತೆತ್ತಿದರು. ಈಗ ಬೇಡ, ಮೊದಲು ಮನೆಯಲ್ಲಿ ಇನ್ನೊಂದು ಯಂತ್ರದ ದುರಸ್ತಿಯಿದೆ ಎಂದೆ. ಅವರು ನಕ್ಕು, "ಮೊದಲು ನೀವು ಇಷ್ಟು ಮಾತಾಡ್ತಿರಲಿಲ್ಲ" ಎಂದರು.

ಮೊದಲಿನಷ್ಟೇ ಆಡುತ್ತೇನೆ. ಅವರ ಕಿವಿ ಸುಧಾರಿಸಿರಬೇಕು.

ಜುಲೈ ೨೦, ಶನಿವಾರ

ಮಗಳು ಹೊರಗೆ ಆಡುತ್ತಿದ್ದಳು. ಇವರನ್ನು ಎದುರು ಕೂರಿಸಿಕೊಂಡು ನಮ್ಮ ನಿಯಮವನ್ನು ಬಾಯಿಪಾಠ ಒಪ್ಪಿಸಿದೆ.

"ತಪ್ಪು ತೋರಿಸಿದ ಯಂತ್ರವನ್ನು ಅದರ ಮಾಲೀಕನು ದುರಸ್ತಿ ಮಾಡಿಸಿ, ಮರುಪರೀಕ್ಷೆಗೆ ಹಾಜರುಪಡಿಸತಕ್ಕದ್ದು."

"ಅಂದ್ರೆ?"

"ಅಂದ್ರೆ ಆಪರೇಷನ್. ನಿಮಗೆ."

ಬಣ್ಣ ಇಳಿಯಿತು. ಗಾಡಿ ಓಡಿಸಲು ಆಗುತ್ತದೋ ಇಲ್ಲವೋ ಎಂದರು. ಶಿಷ್ಯರ ಗತಿ ಏನು ಎಂದರು. ಭಾರ ಎತ್ತಬಾರದಂತೆ ಎಂದರು. ಇವರು ಎತ್ತುವ ಭಾರ ಯಾವುದೆಂದು ಯೋಚಿಸಿದೆ. ಪಕ್ಕದ ಕೋಣೆಯಿಂದ ಅತ್ತೆ ಕೂಗಿ ಹೇಳಿದರು: "ಇಷ್ಟಕ್ಕೆಲ್ಲ ಹೆದರ್ತೀಯಲ್ಲೋ! ನಿನ್ನನ್ನ ಹೆರೋವಾಗ ನಾನು ಯಾರನ್ನ ಕೇಳಿದ್ದೆ, ಗಾಡಿ ಓಡುತ್ತಾ ಅಂತ?"

ಮೂರು ದಿನ ಟೈಮು ಕೇಳಿದರು. ಮೂರು ದಿನದ ಬೆಲೆ ಈ ಮನೆಯಲ್ಲಿ ನನಗೆ ಗೊತ್ತು. ಆದರೂ ಕೊಟ್ಟೆ.

ಆಗಸ್ಟ್ ೧೦, ಶನಿವಾರ

ಆಪರೇಷನ್ ಆಯಿತು. ಟೀ ಕುಡಿಯಲು ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬೆಂಚು ನಿಜಕ್ಕೂ ಗಟ್ಟಿ. ಅದೊಂದು ವಿಷಯದಲ್ಲಿ ಇವರು ಸುಳ್ಳಾಡಿರಲಿಲ್ಲ.

ಮನೆಗೆ ಬಿಡುವ ಮೊದಲು ಅಲ್ಲಿಯ ಡಾಕ್ಟರು ಇಬ್ಬರನ್ನೂ ಕರೆದರು.

"ಇವತ್ತಿಂದಲೇ ನಿಶ್ಚಿಂತೆ ಅಂದ್ಕೋಬೇಡಿ. ಒಳಗೆ ಮೊದಲಿಂದ ಇರೋದು ಪೂರ್ತಿ ಖಾಲಿ ಆಗೋಕೆ ಮೂರು ತಿಂಗಳಾದ್ರೂ ಬೇಕು. ಅಲ್ಲೀವರೆಗೂ ಜಾಗ್ರತೆ. ಆಮೇಲೆ ಪರೀಕ್ಷೆ ಮಾಡಿ, ಏನೂ ಇಲ್ಲ ಅಂತ ರಿಪೋರ್ಟ್ ಬಂದ ಮೇಲೇ ಖಾತ್ರಿ."

ಇವರು ನೆಲ ನೋಡುತ್ತಿದ್ದರು.

"ಅಂದರೆ, ಡಾಕ್ಟರೇ, ರಿಸರ್ವ್ ಇರುತ್ತೆ?" ಎಂದೆ.

"ಹಾಗೂ ಹೇಳಬಹುದು" ಎಂದರು ಡಾಕ್ಟರು.

ನಾನು ಗೋಡೆಯ ಕಡೆ ತಿರುಗಿದೆ. ನಗುವುದಕ್ಕಲ್ಲ. ಗೋಡೆಯ ಮೇಲೆ ಒಂದು ಚಿತ್ರವಿತ್ತು.

ಆಗಸ್ಟ್ ೧೧, ಭಾನುವಾರ

ಇಡೀ ದಿನ ಐಸು, ದಿಂಬು, ನರಳಾಟ. ಅತ್ತೆ ಒಮ್ಮೆ ಬಾಗಿಲಲ್ಲಿ ಇಣುಕಿ, "ಗಂಡೋ ಹೆಣ್ಣೋ?" ಎಂದು ಕೇಳಿ ಹೋದರು.

ಸೆಪ್ಟೆಂಬರ್ ೧೩, ಶುಕ್ರವಾರ

ಮೂರು ಕೇಜಿ ತನ್ನ ಯಂತ್ರ ದುರಸ್ತಿ ಮಾಡಿಸಿ ಹಾಜರುಪಡಿಸಿದ. ಪರೀಕ್ಷಿಸಿದೆ, ಸರಿಯಿದೆ, ಮುದ್ರೆ ಹಾಕಿಸಿದೆ. ಈಗ ಅದರ ಮೇಲೆ ಯಾರೂ ಹತ್ತುವುದಿಲ್ಲವಂತೆ. ಅತ್ತೆ ಆ ರಸ್ತೆಯನ್ನೇ ಬಿಟ್ಟಿದ್ದಾರೆ. ಆದರೆ ಸಂಜೆ ಹೊತ್ತು ಕಾಲೇಜಿನ ಹುಡುಗಿಯರು ಬಂದು ಬಾಚಣಿಗೆ ನೋಡದೆಯೇ ಬೇಕಾದದ್ದನ್ನು ಕೇಳುತ್ತಾರೆ ಎಂದ. "ಎಲ್ಲ ನಿಮ್ಮ ದಯೆ ಮೇಡಂ" ಎಂದ. ಅದು ದೂರೋ ವಂದನೆಯೋ ತಿಳಿಯಲಿಲ್ಲ.

ಸೆಪ್ಟೆಂಬರ್ ೨೯, ಭಾನುವಾರ

ನಾಳೆ ಬೆಳಿಗ್ಗೆ ರೈಲು. ಪೆಟ್ಟಿಗೆ ಕಟ್ಟಿದ್ದಾಯಿತು. ಮಗಳು ಚಿಮಟದ ಚಿತ್ರ ಬರೆದು ಕೊಟ್ಟಿದ್ದಾಳೆ. ಚಿಮಟದ ತುದಿಯಲ್ಲಿ ಕಿಲೋಗ್ರಾಮಿನ ಬದಲು ಅಪ್ಪ ಇದ್ದಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಇವರು ಬಂದು ಪೆಟ್ಟಿಗೆಯ ಪಕ್ಕ ಕೂತರು. ಬಹಳ ಹೊತ್ತು ಅದರ ಬೀಗ ಹಾಕಿ ತೆಗೆದು ಮಾಡಿದರು.

"ಆರು ತಿಂಗಳು" ಎಂದರು.

"ಆರು ತಿಂಗಳು."

"ಆಪರೇಷನ್ ಆಗಿ ಏಳು ವಾರ ಆಯ್ತಲ್ಲ?"

"ಆಯ್ತು."

"ಇನ್ನೂ ನಂಬಿಕೆ ಇಲ್ವಾ ನನ್ನ ಮೇಲೆ?"

"ನಂಬಿಕೆ ಇದೆ" ಎಂದೆ. "ಮುದ್ರೆ ಇಲ್ಲ."

ಇವರು ಮೊದಲು ಪೆಚ್ಚಾದರು. ಆಮೇಲೆ ನಕ್ಕರು. ಪೂರ್ತಿ ನಕ್ಕರು, ಶಿಷ್ಯೆ ಪಾಸಾದ ದಿನದ ನಗು. ನನಗೂ ಬಂತು. ಪ್ಯಾಕೆಟ್ಟು ತರಲು ನಾನು ಏಳಲಿಲ್ಲ. ಪಕ್ಕದವರು ಕೊಟ್ಟದ್ದು ಯಾವತ್ತೋ ಮುಗಿದಿದೆ. ಈಗಿನದು ಇವರೇ ಮೂರು ಕೇಜಿಯ ಅಂಗಡಿಯಲ್ಲಿ, ಹೆಂಗಸರೂ ಗಂಡಸರೂ ಇದ್ದಾಗ, ಹೆಸರು ಹೇಳಿ ಕೇಳಿ ತಂದದ್ದಂತೆ. ಬಿಲ್ಲು ತೋರಿಸಿದರು.

ಪೆಟ್ಟಿಗೆಯ ಮೇಲೆ ಹಾಗೇ ಕೂತಿದ್ದೆ. ಇವರು ಎದ್ದು ಕಪಾಟಿನ ಕಡೆಗೆ ಹೋದರು.